ಪರಸಿ ಮನಿಯ ಪಾಠ

ಅಂಬಾರಾಯ ಫೋನಿನೊಳಗ ಹೇಳಿದ:
'ಅಕ್ಕಾ, ನೀ ಓದೋ ಖೋಲಿಗೆ ಕಪಾಟಿಲ್ಲ.
ಕಿಡಕಿ ಒಂದೇ, ತೆರೆದದ.
ನೆಲ ಶಹಾಬಾದ್ ಪರಸಿ, ಗ್ವಾಡಿ ಕಲ್ಲು,
ಮ್ಯಾಲ ಮುಚ್ಚಿದ್ದೂ ಕಲ್ಲೇ. ಹೌದಿಲ್ಲ?'
ಆಳಂದದ ಹುಡುಗ, ಎಂಟನೇ ಇಯತ್ತೆ, ಹುಟ್ಟಾ ಕಣ್ಣಿಲ್ಲ.
ನಮ್ಮ ಮನಿಗಿ ಒಮ್ಮೆಯೂ ಬಂದವನಲ್ಲ.

ನಾ ಕಳಿಸಿದ್ದು ಭೂಗೋಳ, ಮೂರನೇ ಪಾಠ.
ಅವನಿಗೆ ಮುಟ್ಟಿದ್ದು ನಮ್ಮ ಮನಿ.

ನಾಚಿಕಿ ಬಂತು, ಖರೆ ಹೇಳಬೇಕಂದ್ರ,
ಕಸ ಹೊಡೀದೇ ಬಾಗಿಲ ತೆಗೆದಂಗ.
ನನ್ನ ದನಿ ನಾನೇ ಕೇಳಿದೆ. ಬಾವಿಯೊಳಗಿಂದ ಬಂದಂಗಿತ್ತು.
ನಾ 'ಪದರುಶಿಲೆ' ಅಂದ್ರ
ಗ್ವಾಡಿಯೊಳಗಿನ ಪದರುಶಿಲೆ 'ಲೆ' ಅಂತಿತ್ತು,
ಹೆಸರು ಹಿಡಿದು ಕರೆದರಂತ ಓಗೊಟ್ಟಂಗ.

ಮೊದಲು ತತ್ತಿಯ ತಟ್ಟಿ.
ಸ್ಟೇಷನ್ ಬಾಜೂಕಿನ ಆಮ್ಲೆಟ್ ಗಾಡಿಯ ಗೌಸಣ್ಣ
ನಲವತ್ತು ಕೊಟ್ಟ, ಪುಕ್ಕಟ.
ಗ್ವಾಡಿಗೆ ಅಂಟಿಸಿ ಓದಿದೆ. ದನಿ ಹಂಗೇ ಇತ್ತು,
ಖೋಲಿ ಮಾತ್ರ ನಾರತಿತ್ತು.
ಅವ್ವ ಮೂರು ದಿನ ಮಾತಾಡಲಿಲ್ಲ.

ಆಮ್ಯಾಲ ಮಾಳಗಿ ಮ್ಯಾಲಿನ ಸತ್ತ ಕೂಲರ್.
ಮೋಟರ್ ಬಿಚ್ಚಿಟ್ಟೆ, ಮೂರು ಬದಿಯ ತಗಡು ಸಾಕು.
ಐದು ಬ್ಯಾಸಗಿ ನೀರು ಕುಡಿದ ಅದರ ಹುಲ್ಲು
ಬಿಸಲಿಗೆ ಹಾಕಿ ಜಾಡಿಸಿದೆ.
ಗಂಜಿನ ದಾಲ್ ಮಿಲ್ಲಿನ ಗೋಣಿಚೀಲ, ಒಂದಕ್ಕ ಹನ್ನೆರಡು ರೂಪಾಯಿ,
ಮೂಲಿಯೊಳಗ ಇನ್ನೂ ತೊಗರಿ ಹೊಟ್ಟು.
ಡಬ್ಬಣದಿಂದ ಹೊಲಿದೆ. ಹೆಬ್ಬೆರಳಿಗೆ ಎರಡು ಸಲ ಚುಚ್ಚಿತು.
ಮೈಕಿನ ಕಾಲು ನೆಲಕ್ಕ ಹಚ್ಚಬಾರದು,
ಮಿಲ್ಲಿನ ಗುಂಯ್‌ಗಾಟ ಗಾಳಿಯಾಗಲ್ಲ, ಕಲ್ಲಿನಾಗ ಬರತದ.
ಜ್ವಾಳದ ಚೀಲದ ಮ್ಯಾಲ ಕುಂಡ್ರಿಸಿದೆ.
ಅವ್ವ ಬೀಸಾಕ ಜ್ವಾಳ ತೆಗೆದಾಗೆಲ್ಲ
ಮೈಕು ಒಂದು ಬೆರಳು ಕೆಳಗಿಳೀತಿತ್ತು.

ಅಷ್ಟಾದರೂ ಬಾವಿ ಹೋಗಲಿಲ್ಲ.
ಹದಿನೈದು ದಿನಕ್ಕ ತಿಳೀತು ನನಗ:
ಮೈಕು ಬರೇ ನನ್ನ ಬಾಯಿ ನೋಡೂದಿಲ್ಲ,
ನನ್ನ ಹಿಂದಿನ ಗ್ವಾಡೀನೂ ನೋಡತದ.
ಅದರ ಬೆನ್ನು ಕಾಯ್ದೆ, ನನ್ನ ಬೆನ್ನು ಬಯಲು ಬಿಟ್ಟೆ.
ಆಯಿಯ ಕೌದಿ ತಂದು ಹಿಂದ ಹಗ್ಗಕ್ಕ ಹಾಕಿದೆ,
ಆರು ಪದರ, ತೂಕ ಒಂದು ಕರುವಿನಷ್ಟು.

ಕಲಬುರಗಿ, ಮೇ ತಿಂಗಳು. ಪಂಕಾ ಬಂದ್. ಕಿಡಕಿ ಬಂದ್.
ಕೌದಿ, ಗೋಣಿ, ನಾನು.
ಬೆವರು ಬಿದ್ದು ನಕಾಶಿಯಾಗಿನ ಭೀಮಾ ನದಿ
ಖರೇನೇ ಒದ್ದಿ ಆಯ್ತು.
ರಾತ್ರಿ ಎರಡಕ್ಕ ಮಿಲ್ಲು ನಿಂತಾಗ
ಓಣಿ ನಾಯಿಗೆ ಒಂದು ರೊಟ್ಟಿ ಲಂಚ ಕೊಟ್ಟು
ಒಂದೇ ದಮ್ಮಿಗೆ ಪೂರಾ ಪಾಠ ಓದಿದೆ.
ಕೇಳಿದರ, ಸುಲಿದ ಶೇಂಗಾದಂಗ ದನಿ.

ಕಳಿಸಿದೆ. ಹೊಗಳತಾನಂತ ಕಾದೆ.
ಸಂಜಿಗೆ ಅಂಬಾರಾಯ: 'ಭಾಳ ಸಾಫ್ ಅದ, ಅಕ್ಕಾ.'
ಸುಮ್ಮನಾದ. ಮತ್ತ:
'ಆದ್ರ ನೀ ಎಲ್ಲಿದ್ದಿ?
ಮೊದಲ ನಿಮ್ಮ ಬಾಗಿಲ ಬಲ್ಲಿ ಕುಂತು ಕೇಳತಿದ್ದೆ.
ಈಗ ಯಾರೋ ನನ್ನ ಕಿವಿಯೊಳಗೇ ಕುಂತಂಗ ಆಗತದ.
ನನಗ ಕುಂಡ್ರಾಕ ಜಾಗಾ ಇಲ್ಲ.'

ಸಿಟ್ಟು ಬಂತು. ಹೆಬ್ಬೆರಳು, ಬೆವರು, ಲಂಚದ ರೊಟ್ಟಿ.
ಫೋನ್ ಇಟ್ಟುಬಿಟ್ಟೆ.

ನಾಲ್ಕನೇ ಪಾಠದ ರಾತ್ರಿ
ಮೈಕು ಚಾಲೂ ಇಟ್ಟು, ಕೌದಿ ಸರಿಸಿ
ನಡು ಖೋಲಿಗೆ ಬಂದು ನಿಂತು
ಒಂದು ಚಪ್ಪಾಳಿ ಹೊಡೆದೆ.
ಕಲ್ಲು ಅದನ್ನ ಹಿಡೀತು, ಹೊಳ್ಳಿಸಿತು, ಬಿಟ್ಟಿತು.
ಆಮ್ಯಾಲ ಒಳಗ ಹೋಗಿ ಪುಟ ತೆಗೆದೆ.

ಈಗ ಹನ್ನೊಂದನೇ ಪಾಠ ನಡದದ.
ಮೊನ್ನೆ ಕೇಳಿದ:
'ಹತ್ತನೇ ಚಪ್ಪಾಳ್ಯಾಗ ಮೂಲಿಯೊಳಗ
ಏನೋ ಹೊಸದದಲ್ಲ, ಮೆತ್ತಂದು?'
ಗಾದಿ, ಅಂದೆ. ನಮ್ಮಕ್ಕ ಬಾಣಂತನಕ್ಕ ಬಂದಾಳ.
ನಕ್ಕ.

ಕೂಸಿನ ದನಿಗಿ ಎಷ್ಟು ಗೋಣಿ ಹೊಲೀಬೇಕೋ
ಇನ್ನೂ ಲೆಕ್ಕ ಹಾಕಿಲ್ಲ.