ಕಾದೆ

ರಾತ್ರಿ ಹನ್ನೊಂದೂ ಕಾಲಿಗೆ ಹರಿಣಾಕ್ಷಿಯ ಫೋನು:
'ಅಪ್ಪ, ಬ್ರೂಡ್ ಅಂದರೆ ಎಂತ?
ನಾಲ್ಕು ಉತ್ತರ ಕೊಟ್ಟಿದ್ದಾರೆ,
ನಾಲ್ಕೂ ಸರಿ ಅಂತ ಕಾಣ್ತದೆ.'

ನಾನು ಮುಳ್ಳೇರಿಯ ದಾರಿಯ ಹ್ಯಾಚರಿಗೆ ನೈಟ್ ವಾಚ್‌ಮನ್.
ಏಳನೇ ಕ್ಲಾಸು, ಕನ್ನಡ ಮೀಡಿಯಂ.
ಗೇಟಿನ ಬೋರ್ಡು ಮಲಯಾಳದಲ್ಲಿ,
ಒಳಗಿನ ಮೆಷಿನ್ನು ಇಂಗ್ಲಿಷಿನಲ್ಲಿ.
ನನ್ನ ಟಾರ್ಚಿಗೆ ಎರಡು ಸೆಲ್ಲು, ಒಂದು ವೀಕು.

'ಓದು' ಎಂದೆ. ಓದಿದಳು:
ಮೊಟ್ಟೆಯ ಮೇಲೆ ಕೂರುವುದು.
ಒಂದೇ ಸಲ ಹೊರಬಿದ್ದ ಮರಿಗಳು.
ಒಂದು ಮನೆಯ ಮಕ್ಕಳ ಸೈನ್ಯ, ತಮಾಷೆಗೆ.
ಒಂದನ್ನೇ ಮನಸ್ಸಿಗೆ ಹಾಕಿಕೊಂಡು ಕೊರಗುವುದು.

'ಕೋಳಿ ಕೊರಗುತ್ತದಾ ಅಪ್ಪ?'

ಯಾರಿಗೆ ಗೊತ್ತು. ನನ್ನ ಅಜ್ಜಿಯ ಪೇರಡೆ
ಅಕ್ಕಿ ಬೀರಿದರೂ ಕತ್ತು ತಿರುಗಿಸುತ್ತಿರಲಿಲ್ಲ.
ಹೊಟ್ಟೆಯಡಿಯ ಪುಕ್ಕ ತಾನೇ ಕಿತ್ತು
ಬರಿ ಚರ್ಮವನ್ನು ತತ್ತಿಗೆ ತಾಗಿಸಿ ಕೂತದ್ದು,
ಕಣ್ಣು ಮಾತ್ರ ಎಲ್ಲಿಯೋ.
ಒಮ್ಮೆ ತತ್ತಿಗಳನ್ನೆಲ್ಲ ಕೇರೆಹಾವು ನುಂಗಿದ ಮೇಲೂ
ಹತ್ತು ದಿನ ಖಾಲಿ ಬುಟ್ಟಿಯಲ್ಲೇ.
ಅಜ್ಜಿ ತಣ್ಣೀರಲ್ಲಿ ಅದ್ದಿ ತೆಗೆದಳು.
ಒದ್ದೆ ಕೋಳಿ ನೀರು ಕೊಡವಿ
ಪುನಃ ಬುಟ್ಟಿಗೇ ಹೋಯಿತು.

ಇದನ್ನೆಲ್ಲ ಮಗಳಿಗೆ ಹೇಳಲಿಲ್ಲ.
ಹೋದ ಸಲದ ಪಿಎಸ್‌ಸಿ ಪಟ್ಟಿಯಲ್ಲಿ ಅವಳದು ಇನ್ನೂರ ಹನ್ನೆರಡು.
ಮೂರು ವರ್ಷ ಆ ಪಟ್ಟಿಯ ಮೇಲೆ ಕೂತಳು.
ಇನ್ನೂರ ಒಂಬತ್ತರವರೆಗೆ ಕರೆದರು,
ಪಟ್ಟಿಯ ಅವಧಿ ಮುಗಿಯಿತು.
ಈಗ ಹೊಸ ಪರೀಕ್ಷೆ, ಹಳೆಯ ಗೈಡು.

'ಕಾವು ಕೂರುವುದು ಅಂತ ಬರೆ' ಎಂದೆ.
ಇಲ್ಲಿಗೆ ಸೇರಿದ ಹೊಸತರಲ್ಲಿ
ಸುಧಾಮಣಿ ಡಾಕ್ಟರು 'ಅಡಯಿರಿಕ್ಕುಗ' ಎಂದಾಗ
ನಾನು ಬಾಳೆಲೆಯ ಅಡ ಎಂದುಕೊಂಡು
ಸಂಜೆಯವರೆಗೆ ತಿಂಡಿಗೆ ಕಾದಿದ್ದೆ.
ಅವಳು ನಕ್ಕಳು. ನಗಲಿ ಅಂತಲೇ ಹೇಳಿದ್ದು.
ಫೋನಿಟ್ಟಳು.

ಒಂದು ಇಪ್ಪತ್ತಕ್ಕೆ ಕರೆಂಟು ಹೋಯಿತು.
ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಒಳಗೆ ನಾಲ್ಕು ಸಾವಿರದ ಇನ್ನೂರು,
ಇಪ್ಪತ್ತನೇ ದಿನ.
ಡಾಕ್ಟರಿಗೆ ಫೋನು: 'ಐತ್ತಪ್ಪಣ್ಣ, ಬಾಗಿಲು ತೆಗೆಯಬೇಡಿ.
ಈ ಹೊತ್ತಿಗೆ ಅವುಗಳದ್ದೇ ಬಿಸಿ ಇರುತ್ತದೆ.
ನಾನು ಮೆಕ್ಯಾನಿಕ್ ಕರಕೊಂಡು ಬರ್ತೇನೆ.'

ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.
ಮೇಡ ತಿಂಗಳ ಸೆಕೆ, ಅಂಗಿ ತೆಗೆದೆ.
ತಗಡಿನ ಹಿಂದೆ ಮೊದಲು ಏನೂ ಇಲ್ಲ,
ಆಮೇಲೆ ಒಂದು ಟಿಕ್,
ಗಡಿಯಾರ ಇರಬೇಕು ಎಂದುಕೊಂಡೆ. ಗಡಿಯಾರ ನಿಂತಿತ್ತು.
ಇನ್ನೊಂದು. ಮತ್ತೆ ಚಿಪ್ಪಿನೊಳಗಿಂದಲೇ
ಸಣ್ಣ, ಒದ್ದೆ, ಕಿಂವ್.

ಸೇರಿದ ವರ್ಷ ನಾನೊಂದು ತಪ್ಪು ಮಾಡಿದ್ದೆ.
ಬಿರುಕು ಬಿಟ್ಟ ಮೊಟ್ಟೆಗೆ ಪಾಪ ಎನಿಸಿ
ಉಗುರಿನಿಂದ ಚಿಪ್ಪು ಬಿಡಿಸಿಕೊಟ್ಟೆ.
ಪೊರೆಯಲ್ಲಿ ಇನ್ನೂ ರಕ್ತವಿತ್ತು.
ಅಂಗೈಯಲ್ಲೇ ತಣ್ಣಗಾಯಿತು ಅದು.

ಮೂರೂವರೆಗೆ ಜೀಪು ಬಂತು, ಜನರೇಟರು ಹಿಡಿಯಿತು.
ಬೆಳಿಗ್ಗೆ ರಿಜಿಸ್ಟರಿನ ಕೊನೆಯ ಕಲಮಿನಲ್ಲಿ
ರಾತ್ರಿ ಏನು ಮಾಡಿದೆ ಎಂದು ಬರೆಯಬೇಕು.
ಬರೆದೆ: ಕಾದೆ.

ಸುಧಾಮಣಿ ಡಾಕ್ಟರಿಗೆ ಕನ್ನಡ ಓದಲು ಬರುತ್ತದೆ,
ನಿಧಾನಕ್ಕೆ, ಬೆರಳಿಟ್ಟು.
'ಬಿಸಿಯಾದೆ ಅಂತಲಾ?'
ಹೌದು ಎಂದೆ.
'ಕಾವಲು ಇದ್ದೆ ಅಂತಲಾ?'
ಅದೂ ಹೌದು.
'ದಾರಿ ನೋಡಿದೆ ಅಂತಲಾ?
ಯಾವುದಾದರೂ ಒಂದು ಹೇಳಿ, ನಾನು ಮಲಯಾಳದಲ್ಲಿ ಬರೀಬೇಕು.'

ಹಿಂದೆ ಟ್ರೇಗಳು ಕಿಚಗುಡುತ್ತಿದ್ದವು, ಸರಿಯಾಗಿ ಕೇಳಿಸಲಿಲ್ಲ
ಎಂಬಂತೆ ನಿಂತೆ.
ಅವರು ಪೆನ್ನು ಮುಚ್ಚಿ
ಹಾಗೆಯೇ ಬಿಟ್ಟರು.

ಮನೆಗೆ ಹೋದರೆ ಹರಿಣಾಕ್ಷಿ ಪುಸ್ತಕದ ಮೇಲೆ
ಕೆನ್ನೆಯಿಟ್ಟು ಮಲಗಿದ್ದಾಳೆ,
ಲೈಟು ಉರಿಯುತ್ತಿದೆ.
ಸ್ವಿಚ್ಚಿನವರೆಗೆ ಹೋದ ಕೈ
ಹಿಂದೆ ತಂದೆ.