ಫ್ರೀಜರಿನ ಅವರೆಕಾಳು

ಬಸ್ಸಿನ ಮೇಲುಕಂಬಿಗೆ ಬಲಗೈ ಏರುವುದಿಲ್ಲ.
ಕಟ್ಟಿಲ್ಲ, ಪಟ್ಟಿಯಿಲ್ಲ, ಊದಿಕೊಂಡೂ ಇಲ್ಲ,
ಹಾಗಾಗಿ ಸೀಟಿನ ಹುಡುಗಿ ಏಳುವುದಿಲ್ಲ.
ಎಡಗೈಯಲ್ಲಿ ಜೋತು, ಬನಶಂಕರಿಯಿಂದ ಶಾಂತಿನಗರದ ತನಕ
ಬ್ರೇಕಿಗೊಂದು ಸಣ್ಣ ‘ಅಮ್ಮಾ’
ಹಲ್ಲಿನ ಹಿಂದೆಯೇ ನುಂಗಿಕೊಳ್ಳುತ್ತೇನೆ.

ಮೂವತ್ತು ವರ್ಷ ಈಜಿದವಳು.
ಬೆಳಿಗ್ಗೆ ಐದೂವರೆಗೆ, ಕೊಳದ ಮೇಲೆ ಆವಿ ಇನ್ನೂ ಕೂತಿರುವಾಗ
ಧುಮುಕಿ, ಎರಡು ಸಾವಿರ ಮೀಟರು ಮುಗಿಸಿ,
ಒದ್ದೆ ಜಡೆಯಲ್ಲೇ ಡಬ್ಬಿ ಕಟ್ಟಿ ವಿಮಾ ಕಚೇರಿಯ ಕೌಂಟರಿಗೆ.
ಬಟರ್‌ಫ್ಲೈ ನನ್ನದು.
ಹೆಸರು ಚಿಟ್ಟೆಯದು, ಕೆಲಸ ಎತ್ತಿನದು.
ನೊಗ ಕಾಣುವುದಿಲ್ಲ, ಅಷ್ಟೆ.

ಫಿಸಿಯೋ ಜೆಸಿಂತಾ ಪ್ಲಾಸ್ಟಿಕ್ಕಿನ ಮೂಳೆ ಎತ್ತಿ ತೋರಿಸಿದರು:
ಇದು ಬಟ್ಟಲು, ಇದು ಚೆಂಡು,
ಹಿಡಿದಿಡೋಕೆ ನಾಲ್ಕು ಹಗ್ಗ.
ನಿಮ್ಮದೊಂದು ಹಗ್ಗ ನಾರುನಾರಾಗಿದೆ,
ಎಷ್ಟು ಕೊಡ ಸೇದಿದ್ರಿ?
ನಾನು ಕೇಳಿದೆ: ನೀರಿಗೆ ಯಾವತ್ತು?
ಮೊದಲು ತಲೆ ಬಾಚಿಕೊಳ್ಳಿ, ಅಂದರು.

ಈಗ ನನ್ನ ಪಂದ್ಯ ಅಡುಗೆಮನೆಯ ಗೋಡೆಯ ಜೊತೆ.
ಬೆರಳುಗಳನ್ನು ಜೇಡದ ಹಾಗೆ ಹತ್ತಿಸಬೇಕು,
ನಿಂತಲ್ಲಿ ಪೆನ್ಸಿಲಿನ ಗೆರೆ, ಪಕ್ಕದಲ್ಲಿ ತಾರೀಖು.
ಅದೇ ಗೋಡೆಯ ಮೇಲೆ ಮಗಳು ಮೇದಿನಿಯ ಎತ್ತರದ ಗೆರೆಗಳೂ ಇವೆ.
ಎಂಟನೇ ಹುಟ್ಟುಹಬ್ಬಕ್ಕೆ ಅವಳ ನೆತ್ತಿ ಮುಟ್ಟಿದ್ದ ಜಾಗದಲ್ಲಿ
ನನ್ನ ಬೆರಳು ನಿಂತಿದೆ,
ನಡುಗುತ್ತಾ.

ಜಡೆ ಗಂಡ ಹಾಕುತ್ತಾನೆ, ಮೂಟೆಗೆ ಹುರಿ ಬಿಗಿದಂತೆ.
ಒಂದು ದಿನ ಬಸ್ಸಿನಲ್ಲಿ ಹಿಂದಿನ ಹೆಂಗಸು
ಕೇಳದೆಯೇ ಅದನ್ನು ಬಿಚ್ಚಿ,
ಎರಡು ಸ್ಟಾಪಿನ ನಡುವೆ ಮತ್ತೆ ಹೆಣೆದು,
ರಬ್ಬರು ಬ್ಯಾಂಡು ಸುತ್ತಿ ಇಳಿದುಹೋದಳು.
ಮುಖ ನೋಡಲಾಗಲಿಲ್ಲ. ಅತ್ತ ತಿರುಗಿದರೆ ನೋವು.

ರಾತ್ರಿ ಬಲಮಗ್ಗುಲು ನನ್ನದಲ್ಲ.
ಸಂಕ್ರಾಂತಿಗೆ ಮುಂಚೆ ಮನೆಮಂದಿಯೆಲ್ಲ ಕೂತು ಹಿತಕಿ
ಫ್ರೀಜರಿಗೆ ತುಂಬಿದ್ದ ಅವರೆಕಾಳಿನ ಪೊಟ್ಟಣವೊಂದನ್ನು
ಹೆಗಲಿಗೆ ಇಪ್ಪತ್ತು ನಿಮಿಷ ಒತ್ತಿಕೊಂಡು ಕೂರುತ್ತೇನೆ.
ಕಾಳುಗಳು ಸಂದಿಗೊಂದಿಯ ಲೆಕ್ಕ ಹಿಡಿದು ಹೊಂದಿಕೊಳ್ಳುತ್ತವೆ;
ಅಂಗಡಿಯ ನೀಲಿ ಜೆಲ್ಲಿಗೆ ಆ ಬುದ್ಧಿಯಿಲ್ಲ.
ಕರಗಿ ಗಟ್ಟಿಯಾಗಿ, ಮತ್ತೆ ಕರಗಿ ಗಟ್ಟಿಯಾಗಿ
ಇನ್ನದನ್ನು ಸಾರಿಗೆ ಹಾಕುವಂತಿಲ್ಲ.
ಅತ್ತೆ ಪೊಟ್ಟಣಕ್ಕೆ ಚೀಟಿ ಅಂಟಿಸಿದ್ದಾರೆ:
‘ಹೆಗಲಿನದು. ಮುಟ್ಟಬೇಡಿ.’

ಹನ್ನೊಂದನೇ ವಾರ ಕೊಳಕ್ಕೆ ಬಿಟ್ಟರು.
ಕಾಲು ಮಾತ್ರ, ಕೈ ಹಲಗೆಯ ಮೇಲೆ.
ಕಾವಲಿನ ಚಿಕ್ಕಮುನಿಯಪ್ಪ ಸೀಟಿ ಊದಿ
ನನ್ನನ್ನು ಕೊನೆಯ ಸಾಲಿಗೆ ಅಟ್ಟಿದ.
ಬೆನ್ನಿಗೆ ಬೆಂಡು ಕಟ್ಟಿಕೊಂಡ ಮಕ್ಕಳು,
ಮಂಡಿ ಬದಲಿಸಿಕೊಂಡ ನರಸಿಂಗರಾಯರು.
ಅಲ್ಲಿ ಯಾರಿಗೂ ಆತುರವಿಲ್ಲ.
ರಾಯರು ನನ್ನನ್ನು ಹಿಂದೆ ಹಾಕಿ, ಕ್ಷಮೆಯನ್ನೂ ಕೇಳಿದರು.

ಪಕ್ಕದ ಸಾಲಿನಲ್ಲಿ ಹದಿನಾರರ ಹುಡುಗಿ.
ಎರಡೂ ತೋಳು ನೀರು ಹರಿದು ಎದ್ದು
ಅವಳೆಬ್ಬಿಸಿದ ಅಲೆ ನೇರ ನನ್ನ ಬಾಯಿಗೆ.
ಹೊಟ್ಟೆಕಿಚ್ಚಿಗೆ ಕ್ಲೋರಿನ್ ರುಚಿಯಿದೆ.
ಆಮೇಲೆ ಕಂಡಿತು: ಅವಳ ಬಲಗೈ ಒಳಕ್ಕೆ ವಾಲಿ ಬೀಳುತ್ತಿದೆ,
ಹೆಬ್ಬೆರಳು ಮೊದಲು.
ಥೇಟ್ ನನ್ನ ಹಾಗೆ.
ನನಗೂ ಒಬ್ಬರು ಹೇಳಿದ್ದರು, ಅದೇ ವಯಸ್ಸಿನಲ್ಲಿ.
ಗೋಡೆ ಹಿಡಿದು ಕಾದಿದ್ದು ಹೇಳಿದೆ.
‘ಹೂಂ ಆಂಟಿ’ ಅಂದು
ಕನ್ನಡಕ ಇಳಿಸಿಕೊಂಡು ಹೊರಟೇಹೋದಳು.
ಮೊದಲ ನಾಲ್ಕು ಬೀಸು ಸರಿಯಿದ್ದವು,
ಐದನೆಯದು ಮತ್ತೆ ಒಳಕ್ಕೆ.

ಸಂಜೆ ಗೋಡೆಯ ಮುಂದೆ ನಿಂತೆ.
ಮೇದಿನಿಯ ಒಂಬತ್ತನೇ ವರ್ಷಕ್ಕೆ ಇನ್ನೂ ಅರ್ಧ ಬೆರಳು ಬಾಕಿ.
ಪೆನ್ಸಿಲು ಸಿಗಲಿಲ್ಲ.
ಉಗುರಿನಲ್ಲೇ ಗೀರಿ
ಪೊಟ್ಟಣ ತೆಗೆಯಲು ಫ್ರೀಜರಿನ ಬಾಗಿಲಿಗೆ ಕೈ ಚಾಚಿದೆ,
ಆಮೇಲೆ ನೋಡಿಕೊಂಡೆ,
ಅದು ಬಲಗೈ.