ಕುರಿಗಳು ಬೆನ್ನು ಹಾಕಿದ ದಿಕ್ಕು

ಮಾಸೆರುವಿನಿಂದ ಒಂಬತ್ತು ತಾಸು,
ಕೊನೆಯ ಎರಡು ಕುದುರೆಯ ಮೇಲೆ.
ನಕಾಶೆ ಸುತ್ತಿಟ್ಟ ತಗಡಿನ ಕೊಳವೆ
ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಬಡಿಯುತ್ತ ಬಂತು,
ಇಗೋ ನಿನ್ನ ಶಾಲೆ, ಇಗೋ ನಿನ್ನ ಶಾಲೆ ಎಂದು.

ಅದರೊಳಗೊಂದು ದೊಡ್ಡ ಕಿಟಕಿಯಿತ್ತು.
ನೆಲದಿಂದ ಸೂರಿನವರೆಗೆ ಬರೀ ಗಾಜು,
ಎದುರಿಗೆ ಇಡೀ ಪರ್ವತ.
ಮಕ್ಕಳು ತಲೆಯೆತ್ತಿದರೆ ಸಾಕು, ಹಿಮ;
ಲೆಕ್ಕ ತಪ್ಪಿದರೂ ಕಣ್ಣು ತುಂಬುತ್ತದೆ
ಎಂದು ಬರೆದಿದ್ದೆ ಅರ್ಜಿಯಲ್ಲಿ.
ಹಣ ಕೊಡುವವರು ಆ ಸಾಲಿನಡಿ ಗೆರೆ ಎಳೆದಿದ್ದರು.

ಹುಡುಗ ಬಂದ. ಸೆಯಾಬಾಟಾ. ಹನ್ನೊಂದಿರಬಹುದು.
ಕಂಬಳಿಯ ಕೆಳಗೆ ಎರಡು ಮೊಣಕಾಲು, ಪಕ್ಕಕ್ಕೊಂದು ಕೋಲು.
ಐದರಿಂದಲೇ ಕುರಿ ಕಾದವನು;
ಶಾಲೆ ಎಂದರೆ ಅವನ ಪಾಲಿಗೆ
ಬೇರೆ ಮಕ್ಕಳು ಹಗಲೆಲ್ಲ ಕಾಣೆಯಾಗುವ ಜಾಗ.
ಕಾಗದ ನೋಡಿದ, ಬೆಟ್ಟ ನೋಡಿದ,
ಮತ್ತೆ ಕಾಗದ.
'ಇಲ್ಲಿ ಕೂರುವವರು ಯಾರು?'
ಮಕ್ಕಳು, ಅಂದೆ.
'ಕುರಿಗಳೇ ಕೂರುವುದಿಲ್ಲವಲ್ಲ ಆ ಕಡೆ ಮುಖ ಮಾಡಿ.'

ನೋಡಿದೆ. ಇಳಿಜಾರಿನಲ್ಲಿ ಇನ್ನೂರು ಕುರಿ,
ಒಂದೂ ತಪ್ಪದೆ
ನನ್ನ ಕಿಟಕಿಗೆ ಬೆನ್ನು ಹಾಕಿ ಮಲಗಿದ್ದವು.
ಆಗಸ್ಟಿನಲ್ಲಿ ಅಲ್ಲಿಂದ ಇಳಿಯುವ ಗಾಳಿಗೆ
ಈ ಊರಿನವರು ಹೆಸರಿಟ್ಟಿಲ್ಲವಂತೆ,
ಕರೆದಂತಾದೀತು ಎಂದು.

ಆ ರಾತ್ರಿ ಮಾಸೆಂಖಾನೆ ಅಜ್ಜಿಯ ದುಂಡು ಗುಡಿಸಲಲ್ಲಿ
ಬುಡ್ಡಿದೀಪದ ಮುಂದೆ ಕೂತು
ಪರ್ವತವನ್ನು ಅಳಿಸಿದೆ.
ರಬ್ಬರಿನ ಪುಡಿ ಊದುವಾಗ ಮುದುಕಿ ಕೇಳಿದಳು:
'ಹಿಮ ಬಿತ್ತೇ?'

ಶಾಲೆ ತಿರುಗಿ ಕೂತಿತು.
ತೆಂಕಣಕ್ಕೆ ಎರಡು ಮೊಳ ದಪ್ಪದ ಕಲ್ಲಿನ ಬೆನ್ನು,
ಬಡಗಣಕ್ಕೆ ಬಾಗಿಲು. ಇಲ್ಲಿ ಸೂರ್ಯ
ಉತ್ತರದ ಓಣಿಯಲ್ಲೇ ನಡೆದು ಹೋಗುತ್ತಾನೆ.
ಕಿಟಕಿಯ ಎತ್ತರ ಗೊತ್ತುಮಾಡಲು
ಮಂಡಿಯೂರಿ ನೋಡಿದೆ; ಆ ಎತ್ತರದಿಂದ
ಜಗತ್ತಿನಲ್ಲಿ ಬೆಟ್ಟವೇ ಇಲ್ಲ.
ಜೀರುಂಡೆ ಇದೆ. ಪೀಚ್ ಮರದ ಅಂಟು.
ಯಾರದೋ ಕೋಳಿಯ ಕಾಲು.

ಮರ ಕಡಿಯದೆ ಗೋಡೆ ಬಾಗಿಸಿ ಎಂದಾಗ
ಮೇಸ್ತ್ರಿ ಫೂಫೋಲೊ ಎರಡು ದಿನದ ಕೂಲಿ ಹೆಚ್ಚು ಕೇಳಿದ.
ಕೊಟ್ಟೆ. ಬಾಗು ನೋಡಿ ಅವನೇ ಕೊನೆಗೆ
ಇದು ತನ್ನ ಯೋಚನೆ ಎಂದು ಊರಿಗೆಲ್ಲ ಹೇಳಿದ.
ನಾನು ಬಯಸಿದ್ದ ನುಣುಪು ಗೋಡೆ ಒಣಗುವ ಮೊದಲೇ
ಹೆಂಗಸರು ಬಂದು, ಮಣ್ಣು ಸಗಣಿ ಮೆತ್ತಿ,
ಬೆರಳುಗಳಿಂದ ಉತ್ತುಬಿಟ್ಟರು.
ಹೊಲಕ್ಕೂ ಗೋಡೆಗೂ
ಅವರ ನುಡಿಯಲ್ಲಿ ಒಂದೇ ನೇಗಿಲು.

ಮೇಲಿನ ಕಂಡಿಗೆ ಗಾಜು ಬರುವಷ್ಟರಲ್ಲಿ
ಅಂಬರಗುಬ್ಬಿಯೊಂದು ಒಳಗೆ ಗೂಡು ಕಟ್ಟಿತ್ತು.
ಒಂದು ಗಾಜು ಉಳಿಯಿತು.
ಲೆಕ್ಕಪತ್ರದಲ್ಲಿ 'ಸಾಗಣೆಯಲ್ಲಿ ಒಡೆದದ್ದು' ಎಂದು ಬರೆದೆ.

ಉದ್ಘಾಟನೆಗೆ ಬಂದ ಹಣದವರು ಕೇಳಿದರು:
ಎಲ್ಲಿ ಆ ಪರ್ವತ?
ಸೆಯಾಬಾಟಾ ಅವರನ್ನು ಹಿಂಗೋಡೆಗೆ ಕರೆದೊಯ್ದ.
ಬೇಗ ಬಂದರು. ಒಬ್ಬರ ಟೋಪಿ ಇನ್ನೂ ಸಿಕ್ಕಿಲ್ಲ.

ಈಗ ಲಿಪುವೊ ಟೀಚರ ಕಾಗದ ಬಂದಿದೆ.
ಗಾಳಿ ಎದ್ದರೆ ಕುರಿಗಳೆಲ್ಲ
ಶಾಲೆಯ ಮರೆಗೆ ಬಂದು ಮಲಗುತ್ತವಂತೆ,
ಒಳಗಿನ ಮಕ್ಕಳು ನೋಡುವ ದಿಕ್ಕಿಗೇ ಮುಖ ಮಾಡಿ.
ಮೊನ್ನೆ ಏಳೊಂಬತ್ತಲ ಎಷ್ಟು ಎಂದರೆ
ತರಗತಿ ಸುಮ್ಮನಿತ್ತು,
ಹೊರಗಿನಿಂದ ಬಂತು: ಅರವತ್ತಮೂರು.

'ಆ ಹುಡುಗನ ಹೆಸರು ಪಟ್ಟಿಯಲ್ಲಿಲ್ಲ.
ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಾನೆ,
ಒಂದು ಕಾಲು ಒಳಗೆ,
ಒಂದು ಕುರಿಗಳ ಕಡೆ.
ಇಳಿ ಎಂದರೆ ಯಾವ ಕಡೆಗೆ ಅನ್ನುತ್ತಾನೆ.
ಅರ್ಧ ಹಾಜರಿ ಹಾಕಬಹುದೇ?'

ಉತ್ತರ ಬರೆದಿಲ್ಲ ಇನ್ನೂ.
ಮುಂದಿನ ಶಾಲೆಯ ನಕಾಶೆಯಲ್ಲಿ
ಕಿಟಕಿಯ ಕಟ್ಟೆಯನ್ನು
ಒಂದು ಗೇಣು ಅಗಲ ಮಾಡಿದ್ದೇನೆ.